ಬಾಣಂತಿಯಿಲ್ಲದ ಬಾಣಂತನ

೮ ಸೆಪ್ಟೆಂಬರ್, ಭಾನುವಾರ

"ಇಲ್ಲಿ ನೆರೆದಿರುವ ತಾಯಂದಿರಿಗೂ, ಅಕ್ಕತಂಗಿಯರಿಗೂ, ಒಳಗೆ ಬರಲು ಸಂಕೋಚಪಟ್ಟು ಬಾಗಿಲಲ್ಲೇ ನಿಂತಿರುವ ಮಹನೀಯರಿಗೂ ನನ್ನ ನಮಸ್ಕಾರಗಳು. ಒಂದು ಕಾಲಕ್ಕೆ ತಮ್ಮ ರಾಗಿ ಹೊಲವಾಗಿದ್ದ ಜಾಗದಲ್ಲಿ ಎದ್ದಿರುವ ಈ ಶೆಡ್ಡನ್ನು ಹೆಣ್ಣುಮಕ್ಕಳ ಕಸರತ್ತಿಗೆ ಬಿಟ್ಟುಕೊಟ್ಟ ಹಿರಿಯರಾದ ಗೋಪಾಲಪ್ಪನವರಿಗೆ, ಬೆಳಗ್ಗೆಯೇ ಬಂದು ಬಾಗಿಲಿಗೆ ರಂಗೋಲಿ ಹಾಕಿದ ಅವರ ಶ್ರೀಮತಿ ಕೃಷ್ಣಮ್ಮನವರಿಗೆ ನಾವು ಋಣಿಗಳು."

ಇಷ್ಟನ್ನು ತಡವರಿಸದೆ ಹೇಳಿದೆ. ಮುಂದಿನದನ್ನು ಹೇಳಲು ಗೋಪಾಲಪ್ಪನವರೇ ಬಿಡಲಿಲ್ಲ. "ಸಾಕು ಬುಡಿ ಮೇಡಮ್ಮೋರೆ, ಉಪ್ಪಿಟ್ಟು ಆರೋಯ್ತದೆ" ಅಂದರು. ಜನ ನಕ್ಕರು. ನಾನೂ ನಕ್ಕೆ.

ಸರ್ಕಾರಿ ಪ್ರೌಢಶಾಲೆಯ ದೈಹಿಕ ಶಿಕ್ಷಕಿಯಾಗಿ ನಿವೃತ್ತಳಾದ ಮೇಲೆ ನನ್ನ ಕೈಗೆ ಮತ್ತೆ ಸೀಟಿ ಬಂದಿರುವುದು ಇವತ್ತು. ಟಿ. ದಾಸರಹಳ್ಳಿಯ ಈ ಗಲ್ಲಿಗಳಿಂದ ಪೀಣ್ಯದ ಕಾರ್ಖಾನೆಗಳಿಗೆ ಹೋಗುವ ಹುಡುಗಿಯರು ಸಂಜೆ ಬಂದು ಭಾರ ಎತ್ತುತ್ತಾರೆ. ಬೇಸಿಗೆಯಿಂದ ನಮ್ಮ ಮನೆಯ ತಾರಸಿಯ ಮೇಲೆ ನಡೆಯುತ್ತಿದ್ದ ಅಭ್ಯಾಸಕ್ಕೆ ಈಗ ಒಂದು ಸೂರು ಸಿಕ್ಕಿತು.

ಇವರಲ್ಲಿ ಮಹಾದೇವಿಯ ಮೇಲೆ ನನಗೆ ದೊಡ್ಡ ಆಸೆಯಿದೆ. ಬಾಗಲಕೋಟೆ ಕಡೆಯವಳು, ಇಪ್ಪತ್ತೆರಡು ವರ್ಷ. ಟ್ರಾನ್ಸ್‌ಫಾರ್ಮರಿಗೆ ತಾಮ್ರದ ತಂತಿ ಸುತ್ತುವ ಕೆಲಸ. ಗೋಪಾಲಪ್ಪನವರ ವಠಾರದಲ್ಲೇ ಇಬ್ಬರು ಸಹೋದ್ಯೋಗಿಗಳ ಜೊತೆ ಒಂದು ಕೋಣೆ ಹಿಡಿದಿದ್ದಾಳೆ. ಅಣ್ಣ ಸಿದ್ರಾಮ ಅತ್ತಿಬೆಲೆಯಲ್ಲಿ ಕಟ್ಟಡದ ಕೆಲಸಕ್ಕಿದ್ದು ಅಲ್ಲೇ ಇರುತ್ತಾನೆ. ಡಿಸೆಂಬರಿನಲ್ಲಿ ದಾವಣಗೆರೆಯಲ್ಲಿ ರಾಜ್ಯಮಟ್ಟದ ಪವರ್‌ಲಿಫ್ಟಿಂಗ್. ಆ ವೇದಿಕೆಯ ಮೇಲೆ ಈ ಹುಡುಗಿ ನಿಲ್ಲಬೇಕು. ನಿಲ್ಲಿಸುತ್ತೇನೆ.

ಅಭ್ಯಾಸದ ಹೊತ್ತಿನಲ್ಲಿ ಷಟರನ್ನು ಮುಕ್ಕಾಲು ಪಾಲು ಕೆಳಗೆ ಎಳೆದಿರಬೇಕೆಂದು ಎಲ್ಲರಿಗೂ ಹೇಳಿದ್ದೇನೆ. ಬೀದಿಯ ಕಣ್ಣು ಒಳಗೆ ಬೀಳುವುದು ಬೇಡ.

೧೯ ಸೆಪ್ಟೆಂಬರ್, ಗುರುವಾರ

ಮಹಾದೇವಿ ಇವತ್ತು ಗೋಡೆ ಹಿಡಿದುಕೊಂಡು ಬಂದಳು. ಮಂಗಳವಾರ ಭಾರ ಹೊತ್ತು ಕೂತೆದ್ದ ಸ್ಕ್ವಾಟಿನ ನೋವು ತೊಡೆಯಿಂದ ಇನ್ನೂ ಇಳಿದಿಲ್ಲ.

"ಟೀಚರ್ರ, ಸಂಡಾಸಕ್ಕ ಕೂತ್ರ ಏಳಾಕ ಬರವಲ್ದುರಿ. ಇವತ್ತ ಕಾರ್ಖಾನ್ಯಾಗ ನಳ ಹಿಡ್ಕೊಂಡು ಎದ್ದೆ. ನಳಾನ ಕಿತ್ತು ಕೈಗೆ ಬಂತು."

ಹುಡುಗಿಯರು ಬಿದ್ದು ಬಿದ್ದು ನಕ್ಕರು. ಸಹಿಸಿಕೊಳ್ಳಬೇಕು, ನಮ್ಮ ಕಾಲದಲ್ಲಿ ಹೀಗೆಯೇ ಇತ್ತು ಎಂದು ನಾನು ಹೇಳಿದೆ. ಲೆಕ್ಕಪತ್ರದ ಕಚೇರಿಯಲ್ಲಿ ಕೆಲಸ ಮಾಡುವ ಕೃಪಾ ಒಪ್ಪಲಿಲ್ಲ. "ಮಿಸ್, ಈಗ ಯಾರೂ ಹಾಗೆ ಮಾಡಲ್ಲ. ದೊಡ್ಡ ಲಿಫ್ಟರ್‌ಗಳೆಲ್ಲ ಡೀಪ್ ಟಿಶ್ಯೂ ಮಸಾಜ್ ಮಾಡಿಸ್ಕೊತಾರೆ. ಬೆರಳಿನ ಗೆಣ್ಣು, ಮೊಣಕೈ ಇಟ್ಟು ನಿಧಾನವಾಗಿ ಒಳಗಿನ ಮಾಂಸಖಂಡದ ತನಕ ಒತ್ತೋದು. ನೋವು ಬೇಗ ಇಳಿಯುತ್ತೆ, ಮುಂದಿನ ಸಲ ಭಾರಕ್ಕೆ ಮೈ ತಯಾರಿರುತ್ತೆ."

ಮಸಾಜ್! ತುಮಕೂರು ರಸ್ತೆಯಲ್ಲಿ ಕಪ್ಪು ಗಾಜಿನ ಅಂಗಡಿಯೊಂದರ ಮೇಲೆ ಆ ಪದವಿದೆ. ಅದರ ಮುಂದೆ ಹಾದುಹೋಗುವಾಗ ತಾಯಂದಿರು ಮಕ್ಕಳ ಕೈ ಎಳೆದುಕೊಳ್ಳುತ್ತಾರೆ. ನನ್ನ ಶೆಡ್ಡಿನಲ್ಲಿ ಆ ಮಾತು ಕೇಳಿಸಿದರೆ ನಾಳೆ ಒಬ್ಬ ಹುಡುಗಿಯೂ ಉಳಿಯುವುದಿಲ್ಲ. ಆದರೆ ನಳ ಕಿತ್ತುಬಂದ ಸಂಗತಿಯನ್ನು ನಗುವಿನಲ್ಲಿ ಮರೆಯುವುದೂ ಆಗದು.

ಮಹಾದೇವಿಯೇ ದಾರಿ ತೋರಿಸಿದಳು. "ನಮ್ಮ ವಠಾರದ ಹಿಂದ ರುಕ್ಮವ್ವ ಅದಾಳ್ರಿ. ನಮ್ಮ ಕಡ್ಯಾಕಿನ. ಬಾಣಂತ್ಯಾರಿಗೆ ಎಣ್ಣಿ ತಿಕ್ಕಿ ಎರೀತಾಳ. ಆಕಿ ಕೈಯಾಗ ಎಮ್ಮಿ ಬಿದ್ರೂ ಮೆತ್ತಗಾಕ್ಕೈತಿ."

೨೪ ಸೆಪ್ಟೆಂಬರ್, ಮಂಗಳವಾರ

ರುಕ್ಮವ್ವ ಬಂದಳು. ಆಕೆಗಿಂತ ಮೊದಲು ಆಕೆಯ ದನಿ ಬಂತು. "ಎಲ್ಲ್ಯದಾಳಾಕಿ, ಕಬ್ಬಿಣ ಎತ್ತಾಕಿ? ಗರ್ಭ ಜಾರ್ತೈತಿ ಅನ್ನೂ ಖಬರ ಐತಿಲ್ಲ ನಿಮಗ?"

ಹಾಗೇನೂ ಆಗುವುದಿಲ್ಲವೆಂದು ವಿವರಿಸತೊಡಗಿದೆ. ಆಕೆ ಕೇಳಿಸಿಕೊಳ್ಳುವ ಜಾತಿಯಲ್ಲ. ಹರಳೆಣ್ಣೆ ಬಿಸಿ ಮಾಡಿ, ಸೀರೆಯನ್ನು ಮೊಣಕಾಲಿಗೆ ಸಿಕ್ಕಿಸಿ, ಆಗಷ್ಟೇ ಭಾರ ಇಳಿಸಿದ ಹುಡುಗಿಯ ತೊಡೆಯ ಮೇಲೆ ಎರಡೂ ಗೆಣ್ಣುಗಳನ್ನು ಊರಿದಳು. ಮಹಾದೇವಿ "ಸಾಕ್ ಬೇ, ಸಾಕ್ ಬೇ" ಎಂದು ಕೂಗಿದಳು. "ಎಲ್ಲಾ ಬಾಣಂತ್ಯಾರೂ ಹಂಗ ಅಂತಾರ" ಎಂದು ರುಕ್ಮವ್ವ ಇನ್ನಷ್ಟು ಬಲ ಹಾಕಿದಳು.

ನಾನು ತಡೆಯಲಿಲ್ಲ. ಕಷ್ಟವಿಲ್ಲದೆ ಫಲವೆಲ್ಲಿ ಎಂದುಕೊಂಡೆ.

೨೫ ಸೆಪ್ಟೆಂಬರ್

ತೊಡೆಯ ಮೇಲೆ ನೀಲಿ ಕಟ್ಟಿದೆ. ಕಾರ್ಖಾನೆಗೆ ರಜೆ ಹಾಕಿದ್ದಾಳೆ.

೨೯ ಸೆಪ್ಟೆಂಬರ್, ಭಾನುವಾರ

ನಾನು, ಮಹಾದೇವಿ, ರುಕ್ಮವ್ವ ಮೂವರೂ ಕುಳಿತು ಜಗಳವಾಡಿದೆವು. ಇದಕ್ಕಿಂತ ಸಭ್ಯವಾದ ಪದವನ್ನು ಬಳಸಿದರೆ ಸುಳ್ಳಾದೀತು. ಭಾರ ಎತ್ತಿದ ಗಳಿಗೆಯಲ್ಲೇ ಒತ್ತುವಂತಿಲ್ಲ, ಮರುದಿನ ಒತ್ತಬೇಕು ಎಂದು ನಾನು ಹೇಳಿದೆ. ಗಾಯವಾದ ಜಾಗವನ್ನು ಮುಟ್ಟುವಂತಿಲ್ಲ. ಒಂದೇ ಸಲ ಬಲ ಹಾಕದೆ, ಉಸಿರು ಬಿಡುವಾಗ ನಿಧಾನವಾಗಿ ಒಳಕ್ಕೆ ಇಳಿಯಬೇಕು.

"ಮತ್ತ ನಾ ಸಾಕಂದ್ರ ಸಾಕು" ಎಂದಳು ಮಹಾದೇವಿ.

"ಹಂಗಂದ್ರ ಮೈ ಸಡಲಾಗೂದಿಲ್ಲವ್ವಾ."

"ನನ್ನ ತೊಡಿ ಐತಿ ಯವ್ವಾ. ನಿಂದಲ್ಲ, ಟೀಚರ್ರದೂ ಅಲ್ಲ."

ಆ ಮಾತಿನಲ್ಲಿ ನನ್ನನ್ನು ಯಾಕೆ ಸೇರಿಸಿದಳೋ ತಿಳಿಯಲಿಲ್ಲ. ಯುವಜನರ ಮಾತಿಗೆ ಮೊನಚು ಇರುತ್ತದೆ, ಇರಲಿ.

ಕೊನೆಗೆ ಒಪ್ಪಂದವಾಯಿತು. ಇನ್ನು ಮುಂದೆ ಶೆಡ್ಡಿನಲ್ಲಿ ಬೇಡ, ಮಹಾದೇವಿಯ ಕೋಣೆಯಲ್ಲೇ ಆಗಲಿ, ರುಕ್ಮವ್ವ ಹಿಂದಿನ ಓಣಿಯಿಂದ ಬರಲಿ, ಬಾಗಿಲು ಹಾಕಿರಲಿ ಎಂದು ನಾನು ಸೂಚಿಸಿದೆ. ಯಾರಾದರೂ ಕೇಳಿದರೆ ಏನೂ ಹೇಳಬಾರದು ಎಂದೂ ರುಕ್ಮವ್ವನಿಂದ ಮಾತು ತೆಗೆದುಕೊಂಡೆ. ಮರ್ಯಾದೆಯ ಸಂಗತಿಯಲ್ಲಿ ಮುನ್ನೆಚ್ಚರಿಕೆ ಒಳ್ಳೆಯದು.

೧೧ ಅಕ್ಟೋಬರ್, ಆಯುಧಪೂಜೆ

ರಾಡುಗಳಿಗೆ, ಪ್ಲೇಟುಗಳಿಗೆ ಅರಿಶಿನ ಕುಂಕುಮ ಇಟ್ಟು ಬೂದುಗುಂಬಳ ಒಡೆದೆವು. ಪಕ್ಕದ ಲೇತ್ ವರ್ಕ್‌ಶಾಪಿನವರು ಪುರಿ, ಕಡಲೆ, ಸಿಹಿ ಕಳಿಸಿದರು.

ಸಂತೋಷದ ಸಂಗತಿ: ಮಹಾದೇವಿ ನೆಲದಿಂದ ಭಾರ ಎತ್ತಿ ನಿಲ್ಲುವ ಡೆಡ್‌ಲಿಫ್ಟ್ ನೂರಿಪ್ಪತ್ತೈದು ಕೆ.ಜಿ. ಮುಟ್ಟಿತು. ಒತ್ತಿಸಿಕೊಂಡ ಮಾತ್ರಕ್ಕೆ ಶಕ್ತಿ ಬರುವುದಿಲ್ಲ, ಅದು ಎತ್ತಿದರೆ ಬರುವಂಥದ್ದು. ಆದರೆ ನೋವು ಎರಡನೆಯ ದಿನಕ್ಕೇ ಇಳಿಯುತ್ತಿರುವುದರಿಂದ ಒಂದು ಅಭ್ಯಾಸವೂ ತಪ್ಪಿಲ್ಲ. ರುಕ್ಮವ್ವನೂ ಕಲಿಯುತ್ತಿದ್ದಾಳೆ. ಈಗ ಮೊಣಕೈ ಇಟ್ಟು ಕಾಯುತ್ತಾಳಂತೆ, ಹುಡುಗಿ ಉಸಿರು ಬಿಟ್ಟಾಗ ಒಂದೇ ಒಂದು ಕೂದಲಿನಷ್ಟು ಇಳಿಯುತ್ತಾಳಂತೆ.

ಆದರೂ ತನ್ನ ರೂಢಿಯನ್ನು ಆಕೆ ಬಿಟ್ಟಿಲ್ಲ. ಒತ್ತಿ ಮುಗಿದ ಮೇಲೆ ಹಂಡೆಯ ಬಿಸಿನೀರು ಎರೆದು, ಕೋಣೆ ತುಂಬ ಲೋಬಾನದ ಹೊಗೆ ಹಾಕಿ, ಹುಡುಗಿಯ ಹೊಟ್ಟೆಗೆ ಬಿಳಿ ಬಟ್ಟೆ ಬಿಗಿದು ಮಲಗಿಸುತ್ತಾಳೆ. "ತಿಕ್ಕಿದ ಮ್ಯಾಲ ಹೊಟ್ಟಿ ಕಟ್ಟದಿದ್ರ ನನಗ ನಿದ್ದಿ ಬರೂದಿಲ್ರಿ" ಅನ್ನುತ್ತಾಳೆ. ಡಬ್ಬಿ ತುಂಬ ಅಂಟಿನ ಉಂಡೆಯನ್ನೂ ಮಾಡಿ ತಂದಿದ್ದಳು; ನಾನೂ ಎರಡು ತಿಂದೆ. ಬಹಳ ರುಚಿಯಾಗಿತ್ತು.

ಮೇಲೆತ್ತಿದರೆ ನೋಯುವ ನನ್ನ ಬಲಭುಜವನ್ನೂ ಒತ್ತುತ್ತೇನೆಂದಳು. ಬೇಡವೆಂದೆ. ಶಿಕ್ಷಕಿಯಾದವಳಿಗೆ ಅದು ಶೋಭಿಸುವುದಿಲ್ಲ.

೨೨ ಅಕ್ಟೋಬರ್, ಮಂಗಳವಾರ

ಇದನ್ನು ಕ್ರಮವಾಗಿ ಬರೆಯಬೇಕು, ಇಲ್ಲದಿದ್ದರೆ ನಾಳೆ ನಾನೇ ನಂಬಲಾರೆ.

ಸಂಜೆ ನಾನೂ ಮಹಾದೇವಿಯೂ ಆಕೆಯ ಕೋಣೆಯಲ್ಲಿ ದಾವಣಗೆರೆಯ ರೈಲಿನ ವಿಚಾರ ಮಾತಾಡುತ್ತಿದ್ದೆವು. ಕೃಷ್ಣಮ್ಮನವರು ಸೆರಗಿನಲ್ಲಿ ಏನನ್ನೋ ಮುಚ್ಚಿಕೊಂಡು ಬಂದು ಬಾಗಿಲು ಹಾಕಿದರು. ಸೆರಗಿನಿಂದ ತೆಗೆದದ್ದು ಒಂದು ಸಣ್ಣ ಲೋಟದಲ್ಲಿ ತುಪ್ಪ, ಮತ್ತು ಒಂದು ಕುಲಾವಿ. ಹಸಿರು ಉಲ್ಲನ್ನಿನ, ಕಿವಿ ಮುಚ್ಚುವ, ಕೈಯಲ್ಲೇ ಹೆಣೆದ ಕೂಸಿನ ಟೋಪಿ.

"ಆದದ್ದು ಆಗೋಯ್ತು ಮಗ. ನಾನೇನ್ ಬೈಯಕ್ಕೆ ಬಂದಿಲ್ಲ. ಕೂಸು ಎಲ್ಲೈತೆ?"

"ಯಾರ ಕೂಸರಿ?" ಎಂದಳು ಮಹಾದೇವಿ.

ಕೃಷ್ಣಮ್ಮನವರು ನನ್ನ ಕಡೆ ತಿರುಗಿದರು. "ಮೇಡಮ್ಮೋರೆ, ನಿಮ್ಗೆ ಕರುಳು ಅನ್ನಾದು ಐತಾ? ಹಸಿ ಬಾಣಂತಿ ಕೈಲಿ ಕಬ್ಬಿಣ ಎತ್ತಿಸ್ತಿದೀರಲ್ಲ! ಯಾವ ಆಶ್ರಮಕ್ಕೆ ಕೊಟ್ಬಂದ್ರಿ ಆ ಕೂಸ್ನ?"

ವಠಾರವೆಲ್ಲ ಸೇರಿ ಹೊಂದಿಸಿಟ್ಟ ಕಥೆ ಆಗ ಹೊರಬಂತು. ಬೇಸಿಗೆಯಿಂದ ಹುಡುಗಿ ದೊಗಲೆ ಅಂಗಿ ಹಾಕುತ್ತಿದ್ದಳು. ಹೊಟ್ಟೆಗೆ ಅಗಲದ ಬೆಲ್ಟು ಬಿಗಿಯುತ್ತಿದ್ದಳು. ಭಾರ ಎತ್ತುವಾಗ ಸೊಂಟಕ್ಕೆ ಕಟ್ಟುವ ಬೆಲ್ಟು ಅದು, ಆದರೆ ಎತ್ತುವುದನ್ನು ಯಾರು ನೋಡಿದ್ದಾರೆ, ಮೊದಲು ನಮ್ಮ ತಾರಸಿ, ಆಮೇಲೆ ಕೆಳಗೆಳೆದ ಷಟರು. ಸೆಪ್ಟೆಂಬರಿನಲ್ಲಿ ಒಂದು ದಿನ ಗೋಡೆ ಹಿಡಿದು ನಡೆದಳು, ಆಮೇಲೆ ರಜೆ ಹಾಕಿ ಮಲಗಿದಳು. ಅಂದಿನಿಂದ ಬಾಣಂತಿ ಎರೆಯುವವಳು ಹಿಂದಿನ ಓಣಿಯಿಂದ ಬರುತ್ತಾಳೆ. ಹರಳೆಣ್ಣೆ, ಹಂಡೆ ನೀರು, ಲೋಬಾನ, ಅಂಟಿನ ಉಂಡೆ. ತಂತಿಯ ಮೇಲೆ ಒಣಗುತ್ತಿರುವ ಹೊಟ್ಟೆ ಬಟ್ಟೆ. "ಯಾರ್ಗಮ್ಮ ಬಾಣಂತನ ಅಂತ ರುಕ್ಮವ್ವನ್ನ ಕೇಳಿದ್ರೆ, ತುಟಿ ಮ್ಯಾಲೆ ಬೆರಳಿಟ್ಟು 'ಟೀಚರ್ರು ಹೇಳಬ್ಯಾಡಂದಾರ' ಅಂತಾಳೆ. ಇನ್ನೇನು ಬೇಕು?"

ಮಹಾದೇವಿ ಮೊದಲು ನಕ್ಕಳು. ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು. ಆಮೇಲೆ ನಗು ನಿಂತಿತು, ನೀರು ನಿಲ್ಲಲಿಲ್ಲ.

ಕೂಸಿಲ್ಲವೆಂದು ನಾನು ಆಣೆ ಮಾಡಿ ಹೇಳಿದೆ. ಕೃಷ್ಣಮ್ಮನವರು ನನ್ನ ಕೈ ತಟ್ಟಿ, "ಆಯ್ತು ಬುಡಿ, ನಾನ್ ಯಾರ್ಗೂ ಯೋಳಕ್ಕಿಲ್ಲ" ಎಂದು, ತುಪ್ಪವನ್ನೂ ಕುಲಾವಿಯನ್ನೂ ಅಲ್ಲೇ ಇಟ್ಟು ಹೋದರು.

೨೬ ಅಕ್ಟೋಬರ್, ಶನಿವಾರ

ಮಾತು ಬಾಗಲಕೋಟೆಯನ್ನೂ ಮುಟ್ಟಿದೆ. ವಠಾರದಲ್ಲಿ ಆ ಕಡೆಯವರ ನಾಲ್ಕಾರು ಮನೆಗಳಿವೆ, ಎಲ್ಲರ ಕೈಯಲ್ಲೂ ಫೋನಿದೆ. ಸಿದ್ರಾಮ ಅತ್ತಿಬೆಲೆಯಿಂದ ಕರೆ ಮಾಡಿ, ದೀಪಾವಳಿ ಮುಗಿದ ಭಾನುವಾರ ಬಂದು ತಂಗಿಯನ್ನು ಊರಿಗೆ ಕರೆದೊಯ್ಯುತ್ತೇನೆ, ಅವ್ವ ಗಂಡು ನೋಡಿದ್ದಾಳೆ ಎಂದಿದ್ದಾನೆ. ಹೋದರೆ ದಾವಣಗೆರೆ ಇಲ್ಲ, ಕೆಲಸವಿಲ್ಲ. ಈ ಹುಡುಗಿ ಮತ್ತೆ ರಾಡು ಮುಟ್ಟುವುದೂ ಇಲ್ಲ.

ನನಗೆ ತಿಳಿದ ಮಾರ್ಗವನ್ನು ಹೇಳಿದೆ. "ನನಗೆ ಪರಿಚಯದ ಡಾಕ್ಟರಮ್ಮ ಇದ್ದಾರೆ. ಪರೀಕ್ಷೆ ಮಾಡಿ ಒಂದು ಸರ್ಟಿಫಿಕೇಟು ಬರೆದುಕೊಟ್ಟರೆ ಎಲ್ಲರ ಬಾಯಿ ಮುಚ್ಚುತ್ತದೆ."

ಮಹಾದೇವಿ ರಾಡು ಜಾರದಂತೆ ಕೈಗೆ ಹಚ್ಚಿದ್ದ ಸೀಮೆಸುಣ್ಣದ ಪುಡಿ ಒರೆಸಿಕೊಂಡಳು.

"ಹಡದಿಲ್ಲ ಅಂತ ಸರ್ಟಿಫಿಕೇಟ್ ತರಬೇಕೇನ್ರೀ ಟೀಚರ್ರ? ನಿಮ್ಮ ಮನಿಗೆ ಯಾರರ ಬಂದು, ನೀವು ಕಳ್ಳರಲ್ಲ ಅಂತ ಬರಸ್ಕೊಂಡ ಬರ್ರಿ ಅಂದ್ರ ಹೋಗ್ತೀರೇನು?"

"ಹಾಗಲ್ಲಮ್ಮ, ಜನ..."

"ಮುಚ್ಚಿಟ್ಟದ್ದಕ್ಕ ಇಷ್ಟಾತು. ಷಟರ್ ಕೆಳಗ, ಬಾಗಲಾ ಬಂದ್, ಹಿಂದಿನ ಓಣಿ. ನಾವೇನ ಕದ್ದ ಎತ್ತಾಕತ್ತೇವೇನು? ಮೈ ನೋಯ್ತು, ತಿಕ್ಕಿಸ್ಕೊಂಡೆ. ನಾ ಹೋಗೂದಿಲ್ಲ, ಡಾಕ್ಟರ್ ಕಡೆನೂ ಹೋಗೂದಿಲ್ಲ, ಊರಿಗೂ ಹೋಗೂದಿಲ್ಲ."

ಬಹಳ ಒರಟಾಗಿ ಮಾತಾಡಿದಳು. ಬುದ್ಧಿ ಹೇಳಬೇಕೆಂದುಕೊಂಡೆ. ಹೇಳಲಿಲ್ಲ.

೨೮ ಅಕ್ಟೋಬರ್, ಸೋಮವಾರ

ನಾಲ್ವರು ಹುಡುಗಿಯರನ್ನು ಮನೆಯವರು ಬಿಡಿಸಿದರು. ಗೋಪಾಲಪ್ಪನವರು ಬಂದು, "ಭಾನುವಾರ ವಠಾರದೋರ್ನೆಲ್ಲ ಸೇರುಸ್ತೀನಿ ಮೇಡಮ್ಮೋರೆ. ಶೆಡ್ಡು ಇರ್ಬೇಕೋ ಬ್ಯಾಡ್ವೋ ಅಲ್ಲೇ ತೀರ್ಮಾನ" ಎಂದರು. ಮುಖ ಕೊಟ್ಟು ಮಾತಾಡಲಿಲ್ಲ.

ಇವತ್ತು ಅಭ್ಯಾಸದ ವೇಳೆ ಷಟರನ್ನು ಪೂರ್ತಿ ಮೇಲೆತ್ತಿದೆ. ಸೆಕೆ ಬಹಳವಿತ್ತು.

೩೦ ಅಕ್ಟೋಬರ್, ಬುಧವಾರ

ರುಕ್ಮವ್ವ ಮುಂದಿನ ಬೀದಿಯಿಂದಲೇ, ಎಣ್ಣೆ ಬಟ್ಟಲನ್ನು ಎಲ್ಲರಿಗೂ ಕಾಣುವಂತೆ ಹಿಡಿದು ಬಂದಳು. ಚಾಪೆ ಶೆಡ್ಡಿನೊಳಗೇ ಹಾಸಿಸಿದೆ. ಮಹಾದೇವಿ ದಪ್ಪ ಪ್ಯಾಂಟು ತೊಟ್ಟೇ ಮಲಗಿದಳು. ಬಟ್ಟೆಯ ಮೇಲಿಂದ ಬೆನ್ನಿಗೂ ಪಿರ್ರೆಗೂ ಮೊಣಕೈ. ಹಾಲಿನ ಅಂಗಡಿಗೆ ಹೋಗುತ್ತಿದ್ದ ಇಬ್ಬರು ಹೆಂಗಸರು ನಿಂತು ನೋಡಿದರು.

"ಏನ್ ನೋಡ್ತೀರಿ, ಒಳಗ ಬರ್ರಿ" ಎಂದು ರುಕ್ಮವ್ವ ಗದರಿದಳು. ಓಡಿಹೋದರು. ಸ್ವಲ್ಪ ಹೊತ್ತಿಗೆ ಹಾಲು ತೆಗೆದುಕೊಂಡು ಮತ್ತೆ ಬಂದು ನಿಂತರು.

ಕೃಪಾ ಕೇಳಿದಳು: "ಮಿಸ್, ಜನ ಏನಂದ್ಕೊಳ್ಳಲ್ವಾ?" ಅಂದುಕೊಳ್ಳುವುದನ್ನೆಲ್ಲ ಆಗಲೇ ಅಂದುಕೊಂಡು ಮುಗಿಸಿದ್ದಾರೆ, ಇನ್ನು ಹೊಸದೇನು ಉಳಿದಿದೆ ಎಂದೆ. ಕೊನೆಯಲ್ಲಿ ನನ್ನ ಭುಜಕ್ಕೂ ರುಕ್ಮವ್ವನ ಕೈ ಬಿತ್ತು. ಈಗ ಕೈ ಮೇಲೇಳುತ್ತದೆ, ಶೆಡ್ಡಿನ ಕಪ್ಪು ಹಲಗೆಯ ಮೇಲಿನ ಅಂಚಿನ ತನಕ ಬರೆಯಬಹುದು.

೩ ನವೆಂಬರ್, ಭಾನುವಾರ

ನೀರಿನ ಟ್ಯಾಂಕಿನ ಕೆಳಗೆ ವಠಾರ ಸೇರಿತ್ತು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಗೋಪಾಲಪ್ಪನವರು, ಪಕ್ಕದಲ್ಲಿ ಕೃಷ್ಣಮ್ಮನವರು. ಹೆಗಲಿಗೆ ಚೀಲ ಹಾಕಿಕೊಂಡ ಸಿದ್ರಾಮ ಕೂತಿರಲಿಲ್ಲ. ಸಿಮೆಂಟು ಹೊತ್ತು ಹೊತ್ತು ಮುಂದಕ್ಕೆ ಬಾಗಿದ ಬೆನ್ನಿನ ತರುಣ. ತಂಗಿಯ ಮುಖ ನೋಡದೆ ಆಕೆಯ ಕಾಲನ್ನೇ ನೋಡುತ್ತಿದ್ದ.

ನಾನು ಒಂದು ಭಾಷಣವನ್ನು ಸಿದ್ಧಪಡಿಸಿಕೊಂಡಿದ್ದೆ. ಎದ್ದು ನಿಂತಾಗ ಅದು ಬೇಡವೆನ್ನಿಸಿತು. "ಈ ಹುಡುಗಿ ಹೆತ್ತಿಲ್ಲ. ಹೆತ್ತಿದ್ದರೂ ನಾನು ಅವಳ ಜೊತೆಗೇ ನಿಲ್ಲುತ್ತಿದ್ದೆ. ಸರ್ಟಿಫಿಕೇಟು ತರುವುದಿಲ್ಲ. ಒಳಗೆ ಏನು ನಡೆಯುತ್ತದೆಂದು ತಿಳಿಯಬೇಕಾದವರು ನಡೆದು ಬಂದು ನೋಡಿ" ಎಂದು ಹೇಳಿ ಶೆಡ್ಡಿನ ಕಡೆ ಹೊರಟೆ. ಹಿಂದೆ ಚಪ್ಪಲಿಗಳ ಸದ್ದು ಕೇಳಿಸಿತು. ತಿರುಗಿ ನೋಡಲಿಲ್ಲ.

ಶೆಡ್ಡಿನ ಬಾಗಿಲಲ್ಲಿ ಸಿದ್ರಾಮ ತಂಗಿಯನ್ನು ತಡೆದ. "ನಾ ನಂಬೇನಿ ಅಂತ ತಿಳೀಬ್ಯಾಡ ಮಾದೇವಿ. ಆದ್ರ ಊರು ನಂಬೈತಿ. ದಿನಾ ಒಬ್ಬರು ಫೋನ್ ಮಾಡ್ತಾರ. ಏನ ಹೇಳ್ಲಿ ಅವ್ರಿಗೆ?"

"ಹೌದಂತ ಹೇಳಣ್ಣಾ."

"ಏನು?"

"ಹೌದು, ನಮ್ಮ ಮಾದೇವಿ ಹಡದಾಳ ಅನ್ನು. ಹೆಣ್ಣೋ ಗಂಡೋ ಅಂದ್ರ, ಕಬ್ಬಿಣದ್ದು ಅನ್ನು. ತೂಕ ಎಷ್ಟು ಅಂದ್ರ, ನೂರಾ ಮೂವತ್ತ ಕೆ.ಜಿ. ಅನ್ನು."

ಮೊದಲು ನಕ್ಕವರು ಕೃಷ್ಣಮ್ಮನವರು, ಬಾಯಿಗೆ ಸೆರಗು ಒತ್ತಿಕೊಂಡು, ಮೈಯೆಲ್ಲ ಕುಲುಕಿಸಿ, "ಅಯ್ಯೋ, ನನ್ ಕುಲಾವಿ ಸಾಲಕ್ಕಿಲ್ವಲ್ಲವ್ವಾ!" ಎಂದರು. ಆಮೇಲೆ ಹೆಂಗಸರ ಗುಂಪೇ ನಕ್ಕಿತು.

ಸಿದ್ರಾಮ ನಗಲಿಲ್ಲ. "ನೂರಾ ಮೂವತ್ತು ಯಾರು ಎತ್ತತಾರ? ನೀನು?"

ನೂರಿಪ್ಪತ್ತೈದಕ್ಕಿಂತ ಹೆಚ್ಚನ್ನು ಅವಳು ಎಂದೂ ಎತ್ತಿಲ್ಲವೆಂಬುದು ನನಗೆ ಗೊತ್ತಿತ್ತು. ಬಾಯಿ ತೆರೆದೆ. ಅವಳು ನನ್ನ ಕಡೆ ನೋಡಿ ತಲೆ ಅಲ್ಲಾಡಿಸಿದಳು. ಮುಚ್ಚಿದೆ.

"ನೀನ ಹಾಕು ತೂಕಾ" ಎಂದಳು ಅಣ್ಣನಿಗೆ.

ಅವನು ಚೀಲ ಕೆಳಗಿಟ್ಟ. ಒಂದೊಂದೇ ಪ್ಲೇಟನ್ನು ಎತ್ತಿ, ಕೈಯಲ್ಲಿ ತೂಗಿ ನೋಡಿ, ನಿಜವಾದ ಕಬ್ಬಿಣವೇ ಎಂದು ಖಾತ್ರಿ ಮಾಡಿಕೊಂಡು ರಾಡಿಗೆ ಏರಿಸಿದ. ಭಾರ ಹೊರುವವನಿಗೆ ಭಾರದ ವಿಷಯದಲ್ಲಿ ಮೋಸ ಮಾಡಲಾಗದು. ಕೊನೆಯ ಪ್ಲೇಟು ಹಾಕುವಾಗ ಅವನ ಕೈ ನಿಂತಿತು. "ಬ್ಯಾಡವಾ, ಸೊಂಟ ಹೋದೀತು" ಎಂದ ಮೆಲ್ಲಗೆ. "ಹಾಕಣ್ಣಾ" ಎಂದಳು.

ಮಹಾದೇವಿ ಬಾಗಿದಳು. ರಾಡು ಮೊದಲು ಬಗ್ಗಿತು, ಪ್ಲೇಟುಗಳು ನೆಲದಲ್ಲೇ ಇದ್ದವು. ಮೊಣಕಾಲಿನ ಹತ್ತಿರ ಒಮ್ಮೆ ನಿಂತೇಹೋಯಿತು. ಅವಳ ಮುಖ ಕೆಂಪಾಗಿ, ತೊಡೆಗಳು ನಡುಗಿದವು. "ಉಸುರ ಬಿಡಬ್ಯಾಡೇ ಯವ್ವಾ!" ಎಂದು ರುಕ್ಮವ್ವ ಕಿರುಚಿದಳು, ತಿಂಗಳಿಂದ ಉಸಿರು ಬಿಡು ಎಂದೇ ಹೇಳಿಕೊಂಡು ಬಂದ ಹೆಂಗಸು. ರಾಡು ಮೇಲೆ ಬಂತು. ನೆಟ್ಟಗೆ ನಿಂತಳು. ಅಣ್ಣನನ್ನು ನೋಡುತ್ತಾ ನಿಂತೇ ಇದ್ದಳು, ನಾನು "ಇಳಿಸಮ್ಮ" ಎನ್ನುವ ತನಕ.

ಸದ್ದಿಗೆ ನೆಲ ಅದುರಿತು. ಗೋಪಾಲಪ್ಪನವರು "ನನ್ ಫ್ಲೋರಿಂಗು!" ಎಂದರು.

ಸಿದ್ರಾಮ ತಂಗಿಯ ಹತ್ತಿರ ಹೋಗಿ ಅವಳ ಅಂಗೈ ತಿರುಗಿಸಿ ನೋಡಿದ. ಗಟ್ಟಿ ಚರ್ಮ, ಬಿರುಕು, ಬಿಳಿ ಪುಡಿ, ತನ್ನದೇ ಅಂಗೈಯಂತೆ. "ದಾವಣಗೇರಿ ಆಗೂತನಕ ಅವ್ವಗ ನಾ ಹೇಳ್ತೀನಿ. ಆಮ್ಯಾಲಿಂದು ಆಮ್ಯಾಲ" ಎಂದ. ಅಷ್ಟೇ. ಅದಕ್ಕಿಂತ ಹೆಚ್ಚಿನದನ್ನು ನಾವು ಕೇಳಲೂ ಇಲ್ಲ. ಅವನ ಬೆನ್ನಿನ ಕಡೆ ಕಣ್ಣಿಟ್ಟಿದ್ದ ರುಕ್ಮವ್ವ, "ನೀ ಗಂಡಸಾಗಿ ಉಳಕೊಂಡಿ, ಇಲ್ಲಂದ್ರ ಇವತ್ತ ಚಾಪಿ ಮ್ಯಾಲ ಕೆಡವತಿದ್ದೆ" ಎಂದಳು. ಅವನು ಆಗ ನಕ್ಕ.

ಶೆಡ್ಡಿನ ತೀರ್ಮಾನವನ್ನು ಕೇಳಲು ಗೋಪಾಲಪ್ಪನವರ ಕಡೆ ತಿರುಗಿದರೆ, ಅವರು ನೆಲದ ಬಿರುಕನ್ನು ಬೆರಳಿನಿಂದ ಅಳೆಯುತ್ತಿದ್ದರು. "ರಬ್ಬರ್ ಮ್ಯಾಟ್ ಹಾಕ್ಸಿ ಮೇಡಮ್ಮೋರೆ ಮೊದ್ಲು" ಎಂದರು. ಅದನ್ನೇ ಒಪ್ಪಿಗೆಯೆಂದು ತೆಗೆದುಕೊಂಡಿದ್ದೇನೆ. ಬಿಟ್ಟುಹೋದವರಲ್ಲಿ ಇಬ್ಬರು ಹುಡುಗಿಯರು ಗುಂಪಿನಿಂದ ಮುಂದೆ ಬಂದು ಚಪ್ಪಲಿ ಬಿಟ್ಟರು. ಇನ್ನಿಬ್ಬರ ತಾಯಂದಿರು ಕೈ ಹಿಡಿದು ಕರೆದುಕೊಂಡು ಹೋದರು. ಅವರ ಮನೆಗೆ ನಾಳೆ ನಾನೇ ಹೋಗುತ್ತೇನೆ.

ಗುಂಪು ಕರಗಲಿಲ್ಲ. ಕಾರ್ಖಾನೆಯಲ್ಲಿ ದಿನವಿಡೀ ನಿಲ್ಲುವವರು, ಗಾರೆ ಹೊರುವವರು, ಬಟ್ಟೆ ಹೊಲಿಯುವವರು, ಎಲ್ಲರೂ ಚಾಪೆಯನ್ನೂ ರಾಡನ್ನೂ ನೋಡುತ್ತ, ಮುಂದೆ ಬರಲೋ ಬೇಡವೋ ಎಂದು ನಿಂತಿದ್ದರು. ನಾನು ಸೀಟಿ ಊದಿದೆ.

"ನೋಡುತ್ತ ನಿಂತದ್ದು ಸಾಕು. ಸೆರಗು ಸಿಕ್ಕಿಸಿ, ಬಳೆ ಹಿಂದಕ್ಕೆ ಸರಿಸಿ, ಒಬ್ಬರ ಹಿಂದೆ ಒಬ್ಬರು ನಿಲ್ಲಿ. ಖಾಲಿ ರಾಡಿನಿಂದ ಶುರು ಮಾಡೋಣ. ಮೊದಲು ಯಾರು ಬರುತ್ತೀರಿ? ಬನ್ನಿ!"